ಒಂದೇ ಬಂಡೆ ಸಂದಿ, ಎರಡು ಬಣ್ಣದ ಹರ್ಮಿಸೆಂಡಾ: ಎರಡೂ ಒಂದೇ ಪ್ರಭೇದವೇ?

ಉಪ್ಪುನೀರು

ಎಲ್ಲರಿಗೂ ನಮಸ್ಕಾರ. ಉತ್ತರ ಕ್ಯಾಲಿಫೋರ್ನಿಯಾದ ಬೊಡೆಗಾ ಕೊಲ್ಲಿ ಹತ್ತಿರ, ಇಳಿತದ ಹೊತ್ತಲ್ಲಿ ತೆಗೆದ ಸೀ ಸ್ಲಗ್‌ಗಳ, ಅಂದರೆ ಚಿಪ್ಪಿಲ್ಲದ ಸಮುದ್ರದ ಬಸವನಹುಳುಗಳ, ಕೆಲವು ಫೋಟೋ ಹಾಕಿದ್ದೇನೆ. ಎಲ್ಲ ಸ್ಲಗ್‌ಗಳೂ ಒಂದೇ ಬಂಡೆ ಸಂದಿಯ ನೀರಲ್ಲಿ ಸಿಕ್ಕವು. ಮೊದಲ ಫೋಟೋದಲ್ಲಿರುವುದಕ್ಕೆ ಬೆನ್ನ ಮೇಲಿನ ಬೆರಳುಗಳೆಲ್ಲ ಕಡು ಕಂದು. ಎರಡನೆಯದಕ್ಕೆ ಹೊಳೆಯುವ ಕಿತ್ತಳೆ. ಎರಡಕ್ಕೂ ತಲೆಯ ನಡುವೆ ಕಿತ್ತಳೆ ಪಟ್ಟೆ ಇದೆ, ಅದರ ಎರಡೂ ಕಡೆ ನೀಲಿ ಗೆರೆ ಇದೆ. ಮೂರನೆಯದು ತುಂಬ ಚಿಕ್ಕದು, ಮುದುಡಿಕೊಂಡಿತ್ತು.

ಫೋಟೋ ನೋಡಿ ಪ್ರಾಣಿಯ ಹೆಸರು ಹೇಳುವ ಆ್ಯಪ್ ಎಲ್ಲದಕ್ಕೂ ಹರ್ಮಿಸೆಂಡಾ ಕ್ರಾಸಿಕಾರ್ನಿಸ್ ಎನ್ನುತ್ತಿದೆ. ನನ್ನ ಹತ್ತಿರ ಇರುವ ಹಳೆಯ ಕೈಪಿಡಿಯೂ ಅದನ್ನೇ ಹೇಳುತ್ತದೆ. ಬಣ್ಣ ಇಷ್ಟು ಬೇರೆಯಾದರೂ ಹೆಸರು ಒಂದೇನಾ? ಅಥವಾ ಕಂದು ಬೇರೆ, ಕಿತ್ತಳೆ ಬೇರೆ ಎಂದು ಬರೆದುಕೊಳ್ಳಬೇಕಾ?

ಲೆನ್ಸ್‌ಮೂಲೆ

ಒಳ್ಳೆಯ ಫೋಟೋಗಳು. ಕಂದು, ಕಿತ್ತಳೆ ಎಂಬ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದು ತಿಂದ ಊಟದ ಬಣ್ಣ. ಸೀ ಸ್ಲಗ್‌ಗಳ ವಿಷಯದಲ್ಲಿ ಬಣ್ಣ ನಂಬಿ ಹೆಸರಿಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಮೃದ್ವಂಗಿ_ಮಿತ್ರ

ಲೆನ್ಸ್‌ಮೂಲೆ ಅವರು ಹೇಳಿದ್ದರಲ್ಲಿ ಮೊದಲ ಮಾತು ಸರಿ. ಎರಡನೆಯದನ್ನು ನಾನು ಒಪ್ಪಲ್ಲ. ಈ ಸ್ಲಗ್‌ನಲ್ಲಿ ಬಣ್ಣ ಎರಡು ಕಡೆಯಿಂದ ಬರುತ್ತದೆ. ಆ ಎರಡನ್ನು ಬೇರೆ ಮಾಡಿ ನೋಡಿದರೆ ಬಣ್ಣವನ್ನೂ ನಂಬಬಹುದು.

ಬೆನ್ನ ಮೇಲಿನ ಬೆರಳುಗಳಿಗೆ ಸೆರಾಟಾ ಎನ್ನುತ್ತಾರೆ. ಪ್ರತಿಯೊಂದರೊಳಗೂ ಸ್ಲಗ್‌ನ ಜೀರ್ಣಗ್ರಂಥಿಯ ಒಂದು ಕವಲು ಹೋಗಿರುತ್ತದೆ. ಹೊರಗಿನ ಚರ್ಮ ಬಹುಮಟ್ಟಿಗೆ ಪಾರದರ್ಶಕ. ಹಾಗಾಗಿ ಒಳಗಿನ ಕವಲಿನ ಬಣ್ಣ ಹೊರಗೆ ಕಾಣುತ್ತದೆ, ತೆಳು ಪರದೆಯ ಹಿಂದೆ ಇಟ್ಟ ದೀಪ ಕಾಣುವ ಹಾಗೆ. ಹರ್ಮಿಸೆಂಡಾ ಮುಖ್ಯವಾಗಿ ಹೈಡ್ರಾಯ್ಡ್ (ಬಂಡೆಗೆ ಅಂಟಿ ಬೆಳೆಯುವ, ಚುಚ್ಚುವ ಪುಟ್ಟ ಪ್ರಾಣಿ) ತಿನ್ನುತ್ತದೆ, ಆದರೆ ಅದಕ್ಕೆ ಅದೇ ಆಗಬೇಕು ಎಂದೇನಿಲ್ಲ. ಬ್ರಯೋಜೋವಾ, ಅಸಿಡಿಯನ್ ಎಂಬ ಅಂಟಿ ಬೆಳೆಯುವ ಪ್ರಾಣಿಗಳು, ಬೇರೆ ಸ್ಲಗ್‌ಗಳು, ಕೆಲವೊಮ್ಮೆ ತನ್ನದೇ ಕುಲದ ಚಿಕ್ಕವನ್ನೂ ಬಿಡಲ್ಲ. ಊಟ ಬದಲಾದರೆ ಒಳಗಿನ ಕವಲು ಕಂದು, ಕಿತ್ತಳೆ, ಹಸಿರು ಮಿಶ್ರಿತ ಕಂದು, ಹೇಗೆ ಬೇಕಾದರೂ ಆಗಬಹುದು. ನಿಮ್ಮ ಮೊದಲ ಮತ್ತು ಎರಡನೇ ಫೋಟೋಗಳ ನಡುವೆ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಇದೇ. ಅದರಿಂದ ಹೆಸರು ಹೇಳಲು ಆಗಲ್ಲ.

ಇನ್ನೊಂದು ಬಣ್ಣ ಚರ್ಮದ ಮೇಲೇ ಇರುತ್ತದೆ. ತಲೆಯ ನೀಲಿ ಗೆರೆ, ಕಿತ್ತಳೆ ಪಟ್ಟೆ, ಸೆರಾಟಾದ ತುದಿ ಹತ್ತಿರದ ಕಿತ್ತಳೆ ಬಳೆ, ಬಿಳಿ ಚುಕ್ಕೆ, ಬಿಳಿ ಗೆರೆ, ಇವೆಲ್ಲ ಆ ಗುಂಪಿಗೆ ಸೇರಿದವು. ಇವುಗಳ ಹೊಳಪು ಹೆಚ್ಚುಕಡಿಮೆ ಆಗಬಹುದು. ಆದರೆ ಯಾವ ಬಣ್ಣ ಯಾವ ಜಾಗದಲ್ಲಿ ಕೂತಿದೆ ಅನ್ನುವುದು ಊಟದ ಜೊತೆ ಬದಲಾಗಲ್ಲ. ನೋಡಬೇಕಾದ್ದು ಆ ಜಾಗವನ್ನು.

ಈಗ ಹೆಸರಿನ ವಿಷಯ. ನಿಮ್ಮ ಕೈಪಿಡಿ 2016ಕ್ಕಿಂತ ಹಳೆಯದು ಅನಿಸುತ್ತದೆ. ಆ ವರ್ಷ ಲಿಂಡ್ಸೆ ಮತ್ತು ವಾಲ್ಡೆಸ್ ಎಂಬ ಸಂಶೋಧಕರು ಡಿಎನ್‌ಎ ನೋಡಿ, ಒಂದೇ ಎಂದುಕೊಂಡಿದ್ದ ಹರ್ಮಿಸೆಂಡಾ ಕ್ರಾಸಿಕಾರ್ನಿಸ್ ನಿಜವಾಗಿ ಮೂರು ಪ್ರಭೇದ ಎಂದು ತೋರಿಸಿದರು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಕ್ರಾಸಿಕಾರ್ನಿಸ್, ದಕ್ಷಿಣಕ್ಕೆ ಓಪಲೆಸೆನ್ಸ್. ಪೆಸಿಫಿಕ್‌ನ ಆಚೆ ದಡದಲ್ಲಿ, ಜಪಾನ್ ಮತ್ತು ರಷ್ಯಾ ಕಡೆ, ಎಮುರೈ. ನೀವು ಹೋಗಿದ್ದ ಜಾಗ ಮೊದಲೆರಡೂ ಸೇರುವ ಗಡಿಯಲ್ಲೇ ಇದೆ!

ಬೇರೆ ಮಾಡುವ ಗುರುತು ಹೀಗಿದೆ. ಕ್ರಾಸಿಕಾರ್ನಿಸ್‌ನ ಸೆರಾಟಾ ಮೇಲೆ ಉದ್ದಕ್ಕೆ ಹೋಗುವ ಸಣ್ಣ ಬಿಳಿ ಗೆರೆ ಇರುತ್ತದೆ. ಓಪಲೆಸೆನ್ಸ್‌ಗೆ ಆ ಗೆರೆ ಇಲ್ಲ, ತುದಿಯಲ್ಲಿ ಮಾತ್ರ ಬಿಳಿ. ತಲೆಯ ಮೇಲಿನ ನೀಲಿ–ಕಿತ್ತಳೆ ಎರಡರಲ್ಲೂ ಇರುತ್ತದೆ. ಅದು ಹರ್ಮಿಸೆಂಡಾ ಹೌದೋ ಅಲ್ಲವೋ ಎಂದು ಹೇಳುತ್ತದೆ. ಯಾವ ಹರ್ಮಿಸೆಂಡಾ ಎಂದು ಹೇಳಲ್ಲ.

ಉಪ್ಪುನೀರು

ಇದು ನನಗೆ ಪೂರ್ತಿ ಹೊಸದು. ತುಂಬ ಥ್ಯಾಂಕ್ಸ್. ಮೊದಲ ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಲವು ಬೆರಳುಗಳ ಮೇಲೆ ಬಿಳಿ ಗೆರೆ ಇದ್ದಂತಿದೆ. ಆದರೆ ಅದು ನೀರಿನ ಹೊಳಪೋ, ನಿಜವಾದ ಗೆರೆಯೋ ಗೊತ್ತಾಗುತ್ತಿಲ್ಲ. ಇದನ್ನು ಹೇಗೆ ತಿಳಿಯುವುದು?

ಇಳಿತದ_ಹಾದಿ

ಹೊಳಪು ಬೆಳಕಿನ ದಿಕ್ಕನ್ನು ಹಿಂಬಾಲಿಸುತ್ತದೆ. ಎಲ್ಲ ಬೆರಳುಗಳಲ್ಲೂ ಒಂದೇ ಕಡೆ, ಅಂದರೆ ಬೆಳಕು ಬಂದ ಕಡೆಗೇ, ಬಿಳಿ ಕಂಡರೆ ಅನುಮಾನ ಪಡಿ. ನಿಜವಾದ ಗೆರೆ ಹಾಗಲ್ಲ. ಬೆರಳು ತಿರುಗಿದರೆ ಗೆರೆಯೂ ಅದರ ಜೊತೆ ತಿರುಗುತ್ತದೆ, ನೆರಳಿನಲ್ಲೂ ಕಾಣುತ್ತದೆ. ಒಂದೇ ಪ್ರಾಣಿಯ ಫೋಟೋವನ್ನು ಬೇರೆ ಬೇರೆ ಕೋನದಿಂದ ತೆಗೆದಿದ್ದರೆ ಹೋಲಿಸಿ ನೋಡಿ.

ಇನ್ನೊಂದು ಮಾತು. ನೀರಿನಿಂದ ಹೊರಗೆ ಬಂದ ಸ್ಲಗ್‌ನ ಸೆರಾಟಾ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ಆಗ ಗೆರೆ ಇದ್ದರೂ ಕಾಣಲ್ಲ. ಅದು ನೀರೊಳಗೇ ಇರಲಿ, ತಾನಾಗಿ ತೆವಳುತ್ತಾ ಇರಲಿ, ಅಲ್ಲಿಯವರೆಗೆ ಕಾಯಿರಿ. ಕೈಯಲ್ಲಿ ಎತ್ತಿಕೊಳ್ಳಲೇಬೇಡಿ. ಅದಕ್ಕೂ ಕಷ್ಟ, ನಿಮಗೂ ಸರಿಯಾದ ಫೋಟೋ ಸಿಗಲ್ಲ. ಮುಟ್ಟಿದರೆ ಸೆರಾಟಾ ಉದುರಿಸಿಕೊಳ್ಳುವುದೂ ಉಂಟು.

ಲೆನ್ಸ್‌ಮೂಲೆ

ಮೃದ್ವಂಗಿ_ಮಿತ್ರ ಅವರೇ, ನನ್ನ ಪ್ರಶ್ನೆ ಇನ್ನೂ ಉಳಿದಿದೆ. ಬಿಳಿ ಗೆರೆಯೂ ಬಣ್ಣವೇ ಅಲ್ವಾ? ಒಂದೇ ಪ್ರಭೇದದಲ್ಲಿ ಚರ್ಮದ ಬಣ್ಣವೇ ಪೂರ್ತಿ ಬೇರೆಯಾಗಿರುವ ಉದಾಹರಣೆಗಳು ಇವೆ. ಹಿಪ್ಸೆಲೋಡೋರಿಸ್ ಇಬಾ ನೋಡಿ. 2018ರಲ್ಲಿ ಹೆಸರು ಪಡೆದ ಸ್ಲಗ್ ಅದು. ನೇರಳೆ ಬಣ್ಣದ್ದೂ ಇದೆ, ಕೆನೆ ಬಣ್ಣದ್ದೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರೂ ಒಂದೇ ಎನ್ನಲ್ಲ. ಡಿಎನ್‌ಎ ಒಂದೇ ಎಂದಿತು. ಒಂದು ರೂಪವಂತೂ ಅದೇ ಜಾಗದ ಇನ್ನೊಂದು ಪ್ರಭೇದದ ಹಾಗೇ ಕಾಣುತ್ತದೆ. ಹೀಗಿರುವಾಗ ಒಂದು ಬಿಳಿ ಗೆರೆಯ ಮೇಲೆ ಹೇಗೆ ಅಷ್ಟು ಭರವಸೆ ಇಡುವುದು?

ಮೃದ್ವಂಗಿ_ಮಿತ್ರ

ನಿಮ್ಮ ಉದಾಹರಣೆ ತುಂಬ ಸರಿಯಾದದ್ದು. ಗೆರೆ ನೋಡಿದ ಮಾತ್ರಕ್ಕೆ ಯಾರೂ ಪ್ರಭೇದ ಬೇರೆ ಮಾಡಬಾರದು. ಹರ್ಮಿಸೆಂಡಾ ವಿಷಯದಲ್ಲಿ ಕೆಲಸ ಉಲ್ಟಾ ದಿಕ್ಕಿನಿಂದ ನಡೆಯಿತು. ಮೊದಲು ಡಿಎನ್‌ಎ ಗುಂಪುಗಳು ಬೇರೆಯಾದವು. ಆಮೇಲೆ ಆ ಗುಂಪುಗಳಲ್ಲಿ ಹೊರಗಿನಿಂದ ಕಾಣುವ ಯಾವ ಗುರುತು ಹೊಂದುತ್ತದೆ ಎಂದು ಹುಡುಕಿದರು. ಸೆರಾಟಾದ ಒಳಬಣ್ಣ ಹೊಂದಲಿಲ್ಲ. ಬಿಳಿ ಗೆರೆ ಹೊಂದಿತು. ಹಾಗಾಗಿ ಆ ಗೆರೆಗೆ ಬೆಲೆ ಬಂದಿದ್ದು ಡಿಎನ್‌ಎ ಕಡೆಯಿಂದ. ಬೇರೆ ಕುಲಕ್ಕೆ ಇದೇ ಸೂತ್ರ ಹಾಕಲು ಆಗಲ್ಲ. ಹಿಪ್ಸೆಲೋಡೋರಿಸ್‌ಗೆ ಅದರದೇ ಲೆಕ್ಕ ಬೇರೆ.

ಇಂಥದ್ದೇ ಇನ್ನೊಂದು ಕತೆ ಅದೇ ಕರಾವಳಿಯಲ್ಲಿ, ಅದೇ 2016ರಲ್ಲಿ ಹೊರಬಂತು. ಡಯಾಲುಲಾ ಸ್ಯಾಂಡಿಗೆನ್ಸಿಸ್ ಎಂಬ ಚಿರತೆ ಚುಕ್ಕೆಯ ಸ್ಲಗ್. ಚುಕ್ಕೆ ಕೆಲವದಕ್ಕೆ ಕಡಿಮೆ, ಕೆಲವದಕ್ಕೆ ಜಾಸ್ತಿ, ಎಲ್ಲ ಒಂದೇ ಪ್ರಭೇದದ ವ್ಯತ್ಯಾಸ ಎಂದು ಎಲ್ಲರೂ ನಂಬಿದ್ದರು. ಡಿಎನ್‌ಎ ನೋಡಿದರೆ ಎರಡು ಪ್ರಭೇದ. ಬೆನ್ನಿನ ಅಂಚಿನವರೆಗೂ ಚುಕ್ಕೆ ಹರಡಿದ್ದರೆ ಅದು ಡಯಾಲುಲಾ ಓಡೊನೊಘುಯಿ. ಚುಕ್ಕೆ ಅಥವಾ ಉಂಗುರ ಬೆನ್ನಿನ ನಡುವೆಯೇ ಉಳಿದು ಅಂಚು ಖಾಲಿ ಇದ್ದರೆ ಸ್ಯಾಂಡಿಗೆನ್ಸಿಸ್. ಇಲ್ಲೂ ಎಷ್ಟು ಚುಕ್ಕೆ ಎನ್ನುವುದಕ್ಕಿಂತ ಎಲ್ಲಿ ಚುಕ್ಕೆ ಎನ್ನುವುದೇ ಕೆಲಸಕ್ಕೆ ಬಂತು.

ಇದಕ್ಕೂ ಹಳೆಯ, ಯಾವ ಗೊಂದಲವೂ ಇಲ್ಲದ ಉದಾಹರಣೆ ಬೇಕಾದರೆ ಅಲ್ಲಿನ ಎರಡು ಹಳದಿ ಸ್ಲಗ್‌ಗಳು. ಡೋರಿಸ್ ಮಾಂಟೆರೆಯೆನ್ಸಿಸ್ ಮತ್ತು ಪೆಲ್ಟೋಡೋರಿಸ್ ನೋಬಿಲಿಸ್. ಎರಡೂ ಹಳದಿ, ಎರಡಕ್ಕೂ ಕಪ್ಪು ಚುಕ್ಕೆ. ಬೆನ್ನ ಮೇಲಿನ ಸಣ್ಣ ಗುಬುಟುಗಳ ತುದಿಗೂ ಕಪ್ಪು ಹತ್ತಿದ್ದರೆ ಡೋರಿಸ್. ಗುಬುಟುಗಳ ನಡುವಿನ ತಗ್ಗಿನಲ್ಲಿ ಮಾತ್ರ ಕಪ್ಪು ಇದ್ದರೆ ಪೆಲ್ಟೋಡೋರಿಸ್. ಅದರ ಕಿವಿರುಗಳೂ ಬಿಳಿ. ಹಳದಿ ತೆಳುವೋ ಗಾಢವೋ ಎಂದು ದಿನವಿಡೀ ನೋಡಿದರೂ ಏನೂ ಗೊತ್ತಾಗಲ್ಲ.

ಲೆನ್ಸ್‌ಮೂಲೆ

ಡಿಎನ್‌ಎ ಮೊದಲು, ಗೆರೆ ಆಮೇಲೆ ಎಂದರೆ ಒಪ್ಪುತ್ತೇನೆ. ಆದರೂ ಊಟದ ಬಣ್ಣ ಯಾವತ್ತೂ ಕೆಲಸಕ್ಕೆ ಬರಲ್ಲ ಎಂದು ಓದುವವರು ತಿಳಿಯಬಾರದು. ಫ್ಲಾಬೆಲಿನಾಪ್ಸಿಸ್ ಅಯೊಡಿನಿಯಾ, ಅಂದರೆ ಸ್ಪ್ಯಾನಿಷ್ ಶಾಲ್ ಎಂದು ಕರೆಯುವ ಆ ಸ್ಲಗ್‌ಗೆ ನೇರಳೆ ಮೈ, ಕಿತ್ತಳೆ ಸೆರಾಟಾ, ಕೆಂಪು ಕೊಂಬು. ಮೂರೂ ಬಣ್ಣ ಯೂಡೆಂಡ್ರಿಯಮ್ ಎಂಬ ಹೈಡ್ರಾಯ್ಡ್‌ನಿಂದ ಸಿಗುವ ಅಸ್ಟಾಜಾಂತಿನ್ ಎಂಬ ಒಂದೇ ವಸ್ತುವಿನ ಬೇರೆ ಬೇರೆ ರೂಪ. ಪೂರ್ತಿ ಊಟದ ಬಣ್ಣವೇ. ಆದರೂ ದೂರದಿಂದಲೇ ಗುರುತು ಹಿಡಿಯಬಹುದು, ಏಕೆಂದರೆ ಅದರ ಊಟ ಬದಲಾಗುವುದೇ ಕಡಿಮೆ.

ಮೃದ್ವಂಗಿ_ಮಿತ್ರ

ಹೌದು, ಇದು ಮುಖ್ಯ. ಒಂದೇ ಊಟಕ್ಕೆ ಅಂಟಿಕೊಂಡ ಸ್ಲಗ್‌ನಲ್ಲಿ ಊಟದ ಬಣ್ಣವೂ ಗಟ್ಟಿ ಗುರುತಾಗುತ್ತದೆ. ಸಿಕ್ಕಿದ್ದೆಲ್ಲ ತಿನ್ನುವ ಹರ್ಮಿಸೆಂಡಾದಲ್ಲಿ ಆಗಲ್ಲ. ಯಾವ ಬಣ್ಣ ನಂಬಬೇಕು ಎನ್ನುವುದಕ್ಕೆ ಮೊದಲು ಆ ಪ್ರಾಣಿ ಏನು ತಿನ್ನುತ್ತದೆ ಎಂದು ಕೇಳಬೇಕು.

ಅಲೆಯಂಚು

ನಾನು ಇಲ್ಲಿಗೆ ಹೊಸಬಳು. ಕೊನೆಯ ಫೋಟೋದಲ್ಲಿ ಕಂದು ಮತ್ತು ಕಿತ್ತಳೆ ಸ್ಲಗ್‌ಗಳು ತಲೆಗೆ ತಲೆ ತಾಗಿಸಿಕೊಂಡಿವೆ. ಅವು ಕೂಡುತ್ತಿದ್ದರೆ ಒಂದೇ ಪ್ರಭೇದ ಎಂದು ಅರ್ಥ ಆಗಲ್ವಾ?

ಇಳಿತದ_ಹಾದಿ

ತಲೆಗೆ ತಲೆ ಅಂದರೆ ಹರ್ಮಿಸೆಂಡಾದಲ್ಲಿ ಜಗಳದ ಸಾಧ್ಯತೆಯೇ ಜಾಸ್ತಿ. ಈ ಸ್ಲಗ್‌ಗಳು ಎದುರುಬದುರು ಸಿಕ್ಕಾಗ ಕಚ್ಚಾಡುತ್ತವೆ. ಇದನ್ನು 1970ರ ದಶಕದಲ್ಲೇ ಗಮನವಿಟ್ಟು ನೋಡಿ ಬರೆದಿದ್ದಾರೆ. ಕೂಡುವಾಗ ಬಲಗಡೆಯ ಪಕ್ಕಗಳು ಒಂದಕ್ಕೊಂದು ತಾಗಬೇಕು, ಜನನಾಂಗದ ದ್ವಾರ ಇರುವುದು ಬಲಗಡೆ. ಪ್ರತಿ ಸ್ಲಗ್‌ಗೂ ಗಂಡು ಹೆಣ್ಣು ಎರಡೂ ಅಂಗಗಳಿವೆ.

ಮೃದ್ವಂಗಿ_ಮಿತ್ರ

ಅಲೆಯಂಚು ಅವರ ಪ್ರಶ್ನೆ ಚೆನ್ನಾಗಿದೆ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಈ ಸ್ಲಗ್‌ಗಳ ಕಣ್ಣು ಬೆಳಕು ಮತ್ತು ಕತ್ತಲೆ ತಿಳಿಯುವಷ್ಟು ಮಾತ್ರ. ಜೊತೆಗಾರರ ಬಣ್ಣ ಅವಕ್ಕೆ ಕಾಣಲ್ಲ. ಹುಡುಕುವುದು ವಾಸನೆಯಿಂದ, ತಲೆ ಮೇಲಿನ ಆ ಎರಡು ಕೊಂಬುಗಳಿಂದ. ಹಾಗಾಗಿ "ಬಣ್ಣ ಬೇರೆ, ಆದರೂ ಕೂಡಿತು" ಎನ್ನುವುದರಲ್ಲಿ ಅವಕ್ಕೆ ಅಚ್ಚರಿ ಏನೂ ಇಲ್ಲ. ನಾವು ನೋಡಿ ಮೆಚ್ಚುವ ಬಣ್ಣ ಅವು ಒಂದಕ್ಕೊಂದು ತೋರಿಸಿಕೊಳ್ಳಲು ಇಟ್ಟುಕೊಂಡದ್ದಲ್ಲ. ಕಣ್ಣು ಚೆನ್ನಾಗಿರುವ ಮೀನಿನಂಥ ಬೇಟೆಗಾರರಿಗೆ ಅದು ಎಚ್ಚರಿಕೆ ಆಗಬಹುದು. ಹೈಡ್ರಾಯ್ಡ್‌ನ ಚುಚ್ಚುವ ಕೋಶಗಳನ್ನು ಹರ್ಮಿಸೆಂಡಾ ಜೀರ್ಣಿಸದೆ ಸೆರಾಟಾದ ತುದಿಯಲ್ಲಿ ಕೂಡಿಡುತ್ತದೆ. ಕಿತ್ತಳೆ ಬಳೆ, ಬಿಳಿ ತುದಿ ಎಲ್ಲ ಇರುವುದೂ ಅಲ್ಲೇ.

ನರತಂತು

ಬೇರೆ ಕಡೆಯಿಂದ ಒಂದು ಮಾತು. ನಾನು ಈ ಹೆಸರನ್ನು ಮೊದಲು ಓದಿದ್ದು ನೆನಪಿನ ಶಕ್ತಿ ಕುರಿತ ಪಾಠದಲ್ಲಿ. ಹರ್ಮಿಸೆಂಡಾ ಕ್ರಾಸಿಕಾರ್ನಿಸ್ ನರವಿಜ್ಞಾನದಲ್ಲಿ ದೊಡ್ಡ ಹೆಸರು. ಡೇನಿಯಲ್ ಆಲ್ಕನ್ ಮತ್ತು ಅವರ ಜೊತೆಯವರು 1970ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದರು. ಸ್ಲಗ್‌ಗೆ ಬೆಳಕು ತೋರಿಸುವುದು, ಅದೇ ಹೊತ್ತಿಗೆ ಅದನ್ನು ತಿರುಗಿಸುವುದು. ತಿರುಗಿದರೆ ಅದಕ್ಕೆ ಅಲೆಯ ಹೊಡೆತ ಬಂದಂತೆ, ಪಾದ (ತೆವಳಲು ಬಳಸುವ ಅಡಿಭಾಗ) ಬಿಗಿಹಿಡಿಯುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿದ ಮೇಲೆ ಬರೀ ಬೆಳಕಿಗೇ ಪಾದ ಬಿಗಿಹಿಡಿಯಲು ಕಲಿಯಿತು. ನೆನಪು ಯಾವ ನರಕೋಶದಲ್ಲಿ ಹೇಗೆ ಉಳಿಯುತ್ತದೆ ಎಂದು ತಿಳಿಯಲು ಇದು ನೆರವಾಯಿತು.

ಆ ಪ್ರಯೋಗಗಳಿಗೆ ಬಳಸಿದ ಸ್ಲಗ್‌ಗಳನ್ನು ಹೆಚ್ಚಾಗಿ ಕ್ಯಾಲಿಫೋರ್ನಿಯಾದಿಂದ ತರಿಸುತ್ತಿದ್ದರು. ಹಾಗಾದರೆ ಅವು ಯಾವ ಪ್ರಭೇದ?

ಮೃದ್ವಂಗಿ_ಮಿತ್ರ

ಮಧ್ಯ ಕ್ಯಾಲಿಫೋರ್ನಿಯಾದ ಮಾಂಟೆರೆ ಮತ್ತು ಅದರ ದಕ್ಷಿಣದಿಂದ ಹೋಗಿದ್ದರೆ ಹೆಚ್ಚಿನವು ಓಪಲೆಸೆನ್ಸ್ ಆಗಿರಬೇಕು. ಪ್ರಯೋಗದ ಫಲಿತಾಂಶ ಇದರಿಂದ ಸುಳ್ಳಾಗಲ್ಲ. ಆದರೆ ಮುಂದೆ ಯಾರಾದರೂ ಉತ್ತರದ ಸ್ಲಗ್ ತಂದು ಅದೇ ಪ್ರಯೋಗ ಮಾಡಿದರೆ ಹೋಲಿಸುತ್ತಿರುವುದು ಎರಡು ಬೇರೆ ಪ್ರಾಣಿಗಳನ್ನು ಎಂದು ಗೊತ್ತಿರಬೇಕು. ಒಂದು ಬಿಳಿ ಗೆರೆ ನೋಡಿ ಬರೆದುಕೊಳ್ಳುವುದು ಯಾಕೆ ಇಷ್ಟು ಮುಖ್ಯ ಎಂದು ಕೇಳುವವರಿಗೆ ನಾನು ಕೊಡುವ ಮೊದಲ ಉತ್ತರ ಇದೇ.

ಅಲೆಯಂಚು

ಮೂರು ಪ್ರಭೇದ ಆದಾಗ ಹಳೆಯ ಹೆಸರು ಯಾರಿಗೆ ಉಳಿಯಬೇಕು ಎಂದು ಹೇಗೆ ತೀರ್ಮಾನಿಸಿದರು?

ಮೃದ್ವಂಗಿ_ಮಿತ್ರ

ಮೊದಲು ಹೆಸರಿಟ್ಟ ಪ್ರಾಣಿ ಎಲ್ಲಿಂದ ಬಂದಿತ್ತು ಎಂದು ನೋಡುತ್ತಾರೆ. ಕ್ರಾಸಿಕಾರ್ನಿಸ್ ಎಂದು 1831ರಲ್ಲಿ ಬರೆದವರು ಎಶ್‌ಶೋಲ್ಟ್ಸ್. ಅವರಿಗೆ ಆ ಸ್ಲಗ್ ಸಿಕ್ಕಿದ್ದು ಅಲಾಸ್ಕಾದ ಸಿಟ್ಕಾದಲ್ಲಿ. ಅದು ಗೆರೆ ಇರುವ ಉತ್ತರದ ಪ್ರಭೇದದ ಜಾಗ, ಹಾಗಾಗಿ ಹೆಸರು ಅದಕ್ಕೇ ಉಳಿಯಿತು. 1863ರಲ್ಲಿ ಕೂಪರ್ ಎಂಬವರು ಕ್ಯಾಲಿಫೋರ್ನಿಯಾದ ಸ್ಲಗ್‌ಗೆ ಓಪಲೆಸೆನ್ಸ್ ಎಂದು ಹೆಸರಿಟ್ಟಿದ್ದರು. ಆಮೇಲೆ ಬಂದವರು ಎರಡೂ ಒಂದೇ ಎಂದು ಸೇರಿಸಿದ್ದರಿಂದ ಆ ಹೆಸರು ಮೂಲೆ ಸೇರಿತ್ತು. 1937ರಲ್ಲಿ ಬಾಬಾ ಇಟ್ಟ ಎಮುರೈ ಹೆಸರಿಗೂ ಹಾಗೇ ಆಗಿತ್ತು. 2016ರಲ್ಲಿ ಹೊಸ ಹೆಸರು ಹುಟ್ಟಿಸುವ ಅಗತ್ಯವೇ ಬರಲಿಲ್ಲ. ಹಳೆಯ ಎರಡನ್ನೂ ಮತ್ತೆ ಬಳಕೆಗೆ ತಂದರು.

ಬಣ್ಣದ ಬಗ್ಗೆ ಇಲ್ಲಿ ಇನ್ನೊಂದು ತೊಡಕಿದೆ. ಸ್ಲಗ್‌ನ್ನು ಆಲ್ಕೋಹಾಲ್‌ನಲ್ಲಿ ಹಾಕಿಟ್ಟರೆ ಬಣ್ಣ ಹೋಗುತ್ತದೆ. ಹಳೆಯ ಸಂಗ್ರಹದ ಬಾಟಲಿಯಲ್ಲಿ ಇರುವುದು ಮಾಸಿದ ಮೈ ಮಾತ್ರ. ಜೀವ ಇದ್ದಾಗ ಯಾರಾದರೂ ಚಿತ್ರ ಬರೆದಿದ್ದರೆ ಪುಣ್ಯ. ಈಗ ನೀವು ತೆಗೆಯುವ ಒಂದು ಸರಿಯಾದ ಫೋಟೋ, ಜಾಗ ಮತ್ತು ದಿನಾಂಕದ ಜೊತೆ, ಆ ಬಾಟಲಿ ಹೇಳಲಾಗದ್ದನ್ನು ಹೇಳುತ್ತದೆ.

ನರತಂತು

ಹಾಗಾದರೆ ಜಾಗ ನೋಡಿದರೆ ಸಾಕಲ್ವಾ? ಉತ್ತರದಲ್ಲಿ ಸಿಕ್ಕರೆ ಕ್ರಾಸಿಕಾರ್ನಿಸ್, ದಕ್ಷಿಣದಲ್ಲಿ ಸಿಕ್ಕರೆ ಓಪಲೆಸೆನ್ಸ್.

ಇಳಿತದ_ಹಾದಿ

ಸಾಕಾಗಲ್ಲ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಬ್ಯಾಮ್‌ಫೀಲ್ಡ್ ಹತ್ತಿರ ಎರಡೂ ಪ್ರಭೇದ ಸಿಕ್ಕವು. ಓಪಲೆಸೆನ್ಸ್ ಅಷ್ಟು ಉತ್ತರದಲ್ಲಿ ಇದೆ ಎಂದು ಮೊದಲು ಯಾರೂ ದಾಖಲಿಸಿರಲಿಲ್ಲ. 2014ರಿಂದ 2016ರ ನಡುವೆ ಆ ಕಡೆ ಸಮುದ್ರ ಬೆಚ್ಚಗಾಗಿದ್ದಾಗ ದಕ್ಷಿಣದ ಹಲವು ಸ್ಲಗ್‌ಗಳು ಉತ್ತರದಲ್ಲಿ ಕಾಣಿಸಿದವು. ಇವುಗಳ ಮರಿಗಳು ವಾರಗಟ್ಟಲೆ ನೀರಲ್ಲಿ ತೇಲುತ್ತಾ ಇರುತ್ತವೆ, ಪ್ರವಾಹ ಒಯ್ದ ಕಡೆ ಹೋಗುತ್ತವೆ.

ಇದಕ್ಕೇ ನಾನು ಜಾಗ ನೋಡಿ ಹೆಸರು ಹಾಕುವುದನ್ನು ಬಲವಾಗಿ ವಿರೋಧಿಸುತ್ತೇನೆ. "ಇದು ಉತ್ತರ, ಹಾಗಾಗಿ ಕ್ರಾಸಿಕಾರ್ನಿಸ್" ಎಂದು ಎಲ್ಲರೂ ಬರೆದರೆ, ಓಪಲೆಸೆನ್ಸ್ ಉತ್ತರಕ್ಕೆ ಬಂದಿದ್ದು ದಾಖಲೆಯಲ್ಲಿ ಕಾಣುವುದೇ ಇಲ್ಲ. ಗೆರೆ ನೋಡಿ ಬರೆದರೆ ಮಾತ್ರ ಕಾಣುತ್ತದೆ.

ಲೆನ್ಸ್‌ಮೂಲೆ

ಇದನ್ನು ಪೂರ್ತಿ ಒಪ್ಪುತ್ತೇನೆ. ಫೋಟೋ ವಿಷಯ ನನಗೆ ಗೊತ್ತಿರುವುದು, ಅದನ್ನು ಹೇಳುತ್ತೇನೆ. ಬಿಳಿ ಗೆರೆ ಮೊದಲು ಕಳೆದುಹೋಗುವುದು ಜಾಸ್ತಿ ಬೆಳಕಿನಲ್ಲಿ. ಫ್ಲ್ಯಾಶ್ ಜೋರಾಗಿದ್ದರೆ ತುದಿಯ ಬಿಳಿ, ಗೆರೆಯ ಬಿಳಿ, ಹೊಳಪು ಎಲ್ಲ ಒಂದಾಗಿಬಿಡುತ್ತವೆ. ಸ್ವಲ್ಪ ಕಡಿಮೆ ಬೆಳಕಿಗೆ ಇಟ್ಟು ತೆಗೆಯಿರಿ. ಬೆಳಕನ್ನು ಪಕ್ಕದಿಂದ ಕೊಡಿ. ನೀರಗುಂಡಿಯಲ್ಲಾದರೆ ಕ್ಯಾಮೆರಾವನ್ನು ನೀರೊಳಗೆ ಇಳಿಸಿದರೆ ಮೇಲ್ಮೈಯ ಹೊಳಪು ತಪ್ಪುತ್ತದೆ.

ಡೈವ್ ಮಾಡುವವರಿಗೆ ಬೇರೆ ತೊಂದರೆ. ನೀರು ಕೆಂಪು ಬೆಳಕನ್ನು ಬೇಗ ಹೀರುತ್ತದೆ. ಸ್ವಲ್ಪ ಆಳಕ್ಕೆ ಹೋದರೆ ಕಿತ್ತಳೆ ಸೆರಾಟಾ ಕೂಡ ಕಂದಾಗಿ ಕಾಣುತ್ತದೆ. ದೀಪ ಇಲ್ಲದೆ ತೆಗೆದ ಫೋಟೋದಲ್ಲಿ "ಇದು ಕಂದು ರೂಪ" ಎಂದು ಬರೆಯುವುದಕ್ಕೆ ಅರ್ಥವೇ ಇಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಬಣ್ಣ ಎತ್ತಿದರೆ ನೀಲಿ ಗೆರೆ ಬಿಳಿಯಾಗಬಹುದು, ಬಿಳಿ ಗೆರೆ ನೀಲಿಯಾಗಬಹುದು. ಹೆಸರು ಕೇಳುವಾಗ ತಿದ್ದದ ಫೋಟೋವನ್ನೇ ಹಾಕಿ.

ಉಪ್ಪುನೀರು

ತಿದ್ದದ ಮೂಲ ಫೋಟೋಗಳಿಂದ ಸೆರಾಟಾ ಭಾಗ ಮಾತ್ರ ಕತ್ತರಿಸಿ ಮತ್ತೆ ಹಾಕಿದ್ದೇನೆ. ಕಂದು ಸ್ಲಗ್‌ನ ಇನ್ನೊಂದು ಕೋನದ ಫೋಟೋವೂ ಸಿಕ್ಕಿತು. ನೆರಳಿನ ಕಡೆಯ ಬೆರಳುಗಳಲ್ಲೂ ಗೆರೆ ಇದೆ.

ಮೃದ್ವಂಗಿ_ಮಿತ್ರ

ಈಗ ಸ್ಪಷ್ಟ. ಕಂದು ಸ್ಲಗ್‌ನಲ್ಲಿ ಗೆರೆ ಬುಡದ ಕಡೆಯಿಂದ ಕಿತ್ತಳೆ ಬಳೆಯವರೆಗೂ ಹೋಗಿದೆ, ಒಂದಲ್ಲ, ಹಲವು ಬೆರಳುಗಳಲ್ಲಿ. ಅದು ಕ್ರಾಸಿಕಾರ್ನಿಸ್. ಕಿತ್ತಳೆ ಸ್ಲಗ್‌ನ ಬೆರಳುಗಳು ಬಿಡಿಬಿಡಿಯಾಗಿ ನಿಂತಿವೆ, ಎಲ್ಲಾ ಕಡೆಯಿಂದ ಕಾಣುತ್ತಿವೆ, ಗೆರೆ ಎಲ್ಲೂ ಇಲ್ಲ, ತುದಿಯಲ್ಲಿ ಮಾತ್ರ ಬಿಳಿ. ಅದು ಓಪಲೆಸೆನ್ಸ್. ಆದರೆ ದಯವಿಟ್ಟು ಇದನ್ನು "ಕಂದು ಎಂದರೆ ಕ್ರಾಸಿಕಾರ್ನಿಸ್, ಕಿತ್ತಳೆ ಎಂದರೆ ಓಪಲೆಸೆನ್ಸ್" ಎಂದು ನೆನಪಿಟ್ಟುಕೊಳ್ಳಬೇಡಿ. ಮುಂದಿನ ಸಲ ಅದೇ ಸಂದಿಯಲ್ಲಿ ಗೆರೆ ಇರುವ ಕಿತ್ತಳೆ, ಗೆರೆ ಇಲ್ಲದ ಕಂದು ಸಿಗಬಹುದು.

ಇಳಿತದ_ಹಾದಿ

ಕಂದು ಸ್ಲಗ್ ಬಗ್ಗೆ ನನ್ನದೂ ಅದೇ ಅಭಿಪ್ರಾಯ. ಕಿತ್ತಳೆಯದೂ ಸರಿ.

ಅಲೆಯಂಚು

ಮೂರನೆಯ ಚಿಕ್ಕದು?

ಮೃದ್ವಂಗಿ_ಮಿತ್ರ

ತಲೆಯ ಮೇಲೆ ನೀಲಿ ಗೆರೆ ಕಾಣುತ್ತಿದೆ, ಹಾಗಾಗಿ ಹರ್ಮಿಸೆಂಡಾ ಹೌದು. ಅದೇ ಕರಾವಳಿಯ ಫಿಡಿಯಾನಾ ಹಿಲ್ಟೋನಿ ಜೊತೆ ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ. ಅದರ ತಲೆಯ ಮೇಲೆ ಕೆಂಪು ಗೆರೆ ಇರುತ್ತದೆ, ಈ ನೀಲಿ ಇರಲ್ಲ. ಆದರೆ ನಿಮ್ಮ ಚಿಕ್ಕ ಸ್ಲಗ್‌ನ ಸೆರಾಟಾ ಮುದ್ದೆಯಾಗಿದೆ, ಫೋಟೋ ಒಂದೇ ಕೋನದ್ದು. ಅದನ್ನು ಕುಲದ ಮಟ್ಟದಲ್ಲೇ ಬಿಡಿ, ಹರ್ಮಿಸೆಂಡಾ ಎಂದಷ್ಟೇ ಬರೆಯಿರಿ. ಪಕ್ಕದಲ್ಲಿ ಎರಡೂ ಪ್ರಭೇದ ಇದ್ದವು ಎಂದು ಟಿಪ್ಪಣಿ ಹಾಕಿ. ಅಂದಾಜಿನ ಹೆಸರಿಗಿಂತ ಆ ಟಿಪ್ಪಣಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಉಪ್ಪುನೀರು

ಹಾಗೇ ಮಾಡಿದೆ. ಮೂರನ್ನೂ ಬೇರೆ ಬೇರೆ ದಾಖಲೆ ಮಾಡಿ, ಸೆರಾಟಾದ ಹತ್ತಿರದ ಫೋಟೋವನ್ನು ಮೊದಲಿಗೆ ಇಟ್ಟಿದ್ದೇನೆ. ಕಿತ್ತಳೆಯದಕ್ಕೆ ಆ್ಯಪ್ ಕೊಟ್ಟ ಹೆಸರು ತೆಗೆದು ಓಪಲೆಸೆನ್ಸ್ ಎಂದು ಹಾಕಿದೆ, "ಗೆರೆ ಇಲ್ಲ, ಎಲ್ಲಾ ಕಡೆಯಿಂದ ನೋಡಲಾಗಿದೆ" ಎಂದೂ ಬರೆದೆ. ಇದೇ ಕರಾವಳಿಯ ನನ್ನ ಹಳೆಯ ಫೋಟೋಗಳೂ ಎಲ್ಲ ಕ್ರಾಸಿಕಾರ್ನಿಸ್ ಹೆಸರಿನಲ್ಲಿವೆ. ಒಂದೊಂದಾಗಿ ಗೆರೆ ನೋಡುತ್ತಾ ಬರುತ್ತೇನೆ, ಅನುಮಾನ ಇರುವುದನ್ನು ಇಲ್ಲೇ ಹಾಕುತ್ತೇನೆ.